ಪ್ರಜಾಪ್ರತಿನಿಧಿ ದಾನಿಯಲ್ಲ

ಕೋವಿಡ್ ಹಾವಳಿ ಬಂದುಹೋಗಿ ವರ್ಷಗಳು ಉರುಳಿದವು. ಚುನಾವಣೆ ಬಂತೆಂದರೆ ಮಾತ್ರ ನಮ್ಮ ಪೇಟೆಯ ಗೋಡೆಗಳಿಗೆ ಅದರ ನೆನಪು ಮರಳುತ್ತದೆ. ಸಂಕಟದ ದಿನಗಳಲ್ಲಿ ನಿಮ್ಮ ಜೊತೆಗಿದ್ದವರು ಇವರೇ ಎಂದು ಬರೆದ ಹಾಳೆಗಳಲ್ಲಿ ಕೈಮುಗಿದ ಮುಖಗಳು ಕಾಣಿಸಿಕೊಳ್ಳುತ್ತವೆ. ಜೊತೆಗಿದ್ದವರು ಯಾರು, ಇದ್ದದ್ದು ಎಷ್ಟು ಹೊತ್ತು, ಹಂಚಿದ್ದು ಯಾರ ಗಂಟು? ಈ ಲೆಕ್ಕವನ್ನು ಒಮ್ಮೆ ಕೂತು ನೋಡುವುದು ಗಿರಣಿಯ ಬಾಂಧವರಿಗೂ ಸಣ್ಣ ವ್ಯಾಪಾರಸ್ಥರಿಗೂ ಒಳ್ಳೆಯದು. ವರ್ಷಕ್ಕೊಮ್ಮೆ ಖಾತೆ ತಾಳೆ ನೋಡದ ಅಂಗಡಿ ಎಷ್ಟು ದಿನ ಉಳಿದೀತು?

ಮೊದಲು ನನ್ನ ಮಾತನ್ನೇ ಹೇಳಿಬಿಡುತ್ತೇನೆ. 2020ರಲ್ಲಿ ನಾನು ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಮೆಟ್ರಿಕ್ ಓದಿದ ಮಾಸ್ತರನಿಗೆ ಅಂಥಲ್ಲಿ ಸಿಕ್ಕುವ ಸಂಬಳ ಎಷ್ಟೆಂದು ನಿಮಗೆ ಗೊತ್ತು. ಮಾರ್ಚಿಯಲ್ಲಿ ಶಾಲೆ ಮುಚ್ಚಿತು. ಏಪ್ರಿಲಿನಿಂದ ಸಂಬಳ ನಿಂತಿತು. ಮೇ ತಿಂಗಳ ಒಂದು ದಿನ ಗಿರಣಿ ಚಾಳಿನ ಬಳಿ ಧಾನ್ಯದ ಚೀಲ ಹಂಚುತ್ತಾರೆಂದು ಕೇಳಿ ನಾನೂ ಹೋಗಿ ಸಾಲಿನಲ್ಲಿ ನಿಂತೆ. ಎರಡು ಗಂಟೆ ಬಿಸಿಲು ಕಾಯ್ದ ಮೇಲೆ ಮುಖಂಡರು ಬಂದರು. ನನ್ನ ಸರದಿ ಬಂದಾಗ ಅವರು ಚೀಲವನ್ನು ಮುಂದೆ ಚಾಚಿದರು, ಆದರೆ ಕೈ ಬಿಡಲಿಲ್ಲ. ಫೋಟೋದವನ ಕೆಲಸ ಮುಗಿಯುವ ತನಕ ನಾವಿಬ್ಬರೂ ಅದನ್ನು ಹಿಡಿದೇ ನಿಂತಿದ್ದೆವು. ಮುಖ ಕಾಣಲಿ, ಮಾಸ್ಕು ಇಳಿಸಿರೆಂದು ಹೇಳಿದರು, ಇಳಿಸಿದೆ. ಮರುದಿನ ನನ್ನ ಹತ್ತಿರ ಓದುತ್ತಿದ್ದ ಹುಡುಗನೊಬ್ಬ ಓಣಿಯಲ್ಲಿ ಸಿಕ್ಕು, “ಸರ್, ಅಪ್ಪನ ಫೋನಿನಲ್ಲಿ ನಿಮ್ಮ ಫೋಟೋ ನೋಡಿದೆ” ಎಂದು ಸಂತೋಷದಿಂದಲೇ ಹೇಳಿದ.

ಆ ಚೀಲದ ಅಕ್ಕಿ ನಮ್ಮ ಮನೆಯಲ್ಲಿ ವಾರದ ಊಟಕ್ಕೆ ಒದಗಿತು. ಅದನ್ನು ಅಲ್ಲಗಳೆಯುವ ಕೃತಘ್ನ ನಾನಲ್ಲ. ಆದರೆ ಅದಕ್ಕೆ ನಾನು ಕೊಟ್ಟ ಬೆಲೆಯನ್ನೂ ಮರೆತಿಲ್ಲ. ಆ ಚೀಲಗಳನ್ನು ತುಂಬಿದ್ದು ಪೇಟೆಯ ವರ್ತಕರಿಂದ ಎತ್ತಿದ ವಂತಿಗೆಯಿಂದ ಎಂಬುದು ಆಮೇಲೆ ತಿಳಿಯಿತು. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗಾಯಿತು. ಅದೇ ತಿಂಗಳು ನಮ್ಮ ಓಣಿಯ ಕಿರಾಣಿ ಅಂಗಡಿಯವರು, “ಮಾಸ್ತರೇ, ಶಾಲೆ ತೆರೆದ ಮೇಲೆ ನೋಡೋಣ” ಎಂದು ಹೇಳಿ ಉದ್ರಿ ಪುಸ್ತಕದಲ್ಲಿ ನನ್ನ ಹೆಸರಿಗೆ ಇನ್ನೊಂದು ಸಾಲು ಬರೆದುಕೊಂಡರು. ತಮ್ಮದೇ ಅಂಗಡಿ ಅರ್ಧ ದಿನ ಮುಚ್ಚಿರುತ್ತಿದ್ದ ಕಾಲ ಅದು. ಅವರ ಚಿತ್ರ ಯಾವ ಗೋಡೆಯ ಮೇಲೂ ಇಲ್ಲ.

ಹಾಗಾದರೆ ರಾಜಕಾರಣಿಗಳೆಲ್ಲ ಒಂದೇ ಎನ್ನಬಹುದೇ? ಹಾಗೆನ್ನುವುದು ಸುಲಭ, ಆದರೆ ಅನ್ಯಾಯ. ನೆರೆಯ ತೆಲಂಗಾಣದ ಒಂದು ಉದಾಹರಣೆಯನ್ನು ನೋಡೋಣ.

ಗೋದಾವರಿಯ ದಂಡೆಯ ಕಾಡುಸೀಮೆಯಲ್ಲಿ ಮುಲುಗು ಎಂಬ ಕ್ಷೇತ್ರವಿದೆ. 2020ರಲ್ಲಿ ಅದರ ಶಾಸಕಿಯಾಗಿದ್ದವರು ದನಸರಿ ಅನಸೂಯ; ಜನ ಕರೆಯುವುದು ಸೀತಕ್ಕ ಎಂದು. ಕೋಯ ಬುಡಕಟ್ಟಿನ ಹೆಣ್ಣುಮಗಳು. ಎಳೆಯ ವಯಸ್ಸಿನಲ್ಲೇ ನಕ್ಸಲರ ದಳ ಸೇರಿ, 1997ರಲ್ಲಿ ಬಂದೂಕು ಬಿಟ್ಟು ಹೊರಬಂದು, ಕಾನೂನು ಓದಿ ವಕೀಲೆಯಾದವರು. 2009ರಲ್ಲಿ ಮೊದಲ ಬಾರಿ, 2018ರಲ್ಲಿ ಎರಡನೆಯ ಬಾರಿ ಶಾಸನಸಭೆಗೆ ಆರಿಸಿಬಂದರು. ಕೋವಿಡ್ ಬಂದಾಗ ಅವರು ಕುಳಿತಿದ್ದುದು ವಿರೋಧ ಪಕ್ಷದ ಸಾಲಿನಲ್ಲಿ. ಕೈಯಲ್ಲಿ ಸರಕಾರವಿರಲಿಲ್ಲ.

ಲಾಕ್‌ಡೌನ್ ಆದಾಗ ಕಾಡಿನ ಹಾಡಿಗಳಿಗೆ ಹೋಗುವ ದಾರಿಯೇ ಇರಲಿಲ್ಲ. ಛತ್ತೀಸ್‌ಗಢದಿಂದ ಗುಳೆ ಬಂದು ನೆಲೆಸಿದ ಗುತ್ತಿಕೋಯ ಕುಟುಂಬಗಳಲ್ಲಿ ಅನೇಕರಿಗೆ ರೇಷನ್ ಕಾರ್ಡು ಸಹ ಇರಲಿಲ್ಲ. ಸೀತಕ್ಕ ಅಕ್ಕಿ, ಬೇಳೆ, ತರಕಾರಿ ಕಟ್ಟಿಕೊಂಡು ಹೊರಟರು. ರಸ್ತೆ ಇರುವಲ್ಲಿ ಟ್ರಾಕ್ಟರು, ಅದು ಹೋಗದಲ್ಲಿ ಎತ್ತಿನ ಗಾಡಿ, ಅದೂ ಹೋಗದಲ್ಲಿ ಕಾಲುನಡಿಗೆ. ಹಳ್ಳ ದಾಟಿ, ಗುಡ್ಡ ಹತ್ತಿ, ತಿಂಗಳುಗಟ್ಟಲೆ ಈ ತಿರುಗಾಟ ನಡೆಯಿತು. ಅವರ ಚಿತ್ರಗಳೂ ದೇಶದ ತುಂಬ ಹರಡಿದವೆಂದು ನೀವು ಹೇಳಬಹುದು. ನಿಜ, ಹರಡಿದವು. ಆದರೆ ಅಲ್ಲಿ ಶಾಸಕಿಯೇ ಹಸಿದವರ ಗುಡಿಸಲಿಗೆ ನಡೆದುಹೋಗಿದ್ದರು. ಹಸಿದವನನ್ನು ಬಿಸಿಲಿನಲ್ಲಿ ಎರಡು ಗಂಟೆ ಸಾಲು ನಿಲ್ಲಿಸಿರಲಿಲ್ಲ. ಯಾವ ಹಾಡಿಗೆ ದಾರಿಯಿಲ್ಲ, ಎಲ್ಲಿ ಕುಡಿಯುವ ನೀರಿಲ್ಲ, ಯಾರಿಗೆ ಕಾರ್ಡಿಲ್ಲ ಎಂಬುದು ಹಾಗೆ ನಡೆದವರಿಗೆ ಮಾತ್ರ ತಿಳಿಯುತ್ತದೆ. 2023ರ ಚುನಾವಣೆಯಲ್ಲಿ ಮುಲುಗಿನ ಜನ ಅವರನ್ನು ಮತ್ತೆ ಆರಿಸಿದರು. ಆ ಡಿಸೆಂಬರಿನಲ್ಲಿ ಅವರು ಮಂತ್ರಿಯೂ ಆದರು.

ಇಷ್ಟು ಹೇಳಿ ಕೈಮುಗಿದು ಮುಗಿಸಿದರೆ ನಾವು ಅರ್ಧ ಲೆಕ್ಕ ಮಾತ್ರ ಮಾಡಿದಂತೆ. ಉಳಿದರ್ಧದ ಪ್ರಶ್ನೆ ಇದು: ಒಬ್ಬ ಶಾಸಕಿ ಅಕ್ಕಿ ಹೊತ್ತು ಕಾಡಿನಲ್ಲಿ ನಡೆಯಬೇಕಾಗಿ ಬಂದದ್ದೇಕೆ? ದೇಶದಲ್ಲಿ ಅಕ್ಕಿ ಇರಲಿಲ್ಲವೇ?

ಇತ್ತು. 2020ರ ಏಪ್ರಿಲ್ ಆರಂಭದಲ್ಲಿ ಕೇಂದ್ರ ಸರಕಾರದ ದಾಸ್ತಾನಿನಲ್ಲಿ 7 ಕೋಟಿ ಟನ್ನಿಗೂ ಹೆಚ್ಚು ಅಕ್ಕಿ ಗೋಧಿ ಇದ್ದವು. ಆ ತಿಂಗಳಿಗೆ ಇರಲೇಬೇಕೆಂದು ಸರಕಾರವೇ ಗೊತ್ತುಮಾಡಿದ್ದ ಪ್ರಮಾಣ ಸುಮಾರು 2 ಕೋಟಿ 10 ಲಕ್ಷ ಟನ್ನು. ಉಗ್ರಾಣ ಮೂರು ಪಾಲು ತುಂಬಿತ್ತು. ಕಾರ್ಡಿದ್ದ ಸುಮಾರು 80 ಕೋಟಿ ಜನರಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಬಿಟ್ಟಿಯಾಗಿ ಕೊಡುವುದೆಂದು ಸಾರಿದ್ದು ಒಳ್ಳೆಯ ಕೆಲಸವೇ. ಆದರೆ ಆ ಕಾರ್ಡುಗಳ ಲೆಕ್ಕ ನಿಂತಿದ್ದುದು 2011ರ ಜನಗಣತಿಯ ಮೇಲೆ. ಒಂಬತ್ತು ವರ್ಷಗಳಲ್ಲಿ ಹುಟ್ಟಿದವರು, ಹೊಸದಾಗಿ ಬಡವರಾದವರು, ಊರು ಬಿಟ್ಟು ಊರಿಗೆ ದುಡಿಯಲು ಹೋದವರು ಆ ಲೆಕ್ಕದ ಹೊರಗೆ ಉಳಿದರು. ಮಾರ್ಚ್ 24ರ ರಾತ್ರಿ ಎಂಟಕ್ಕೆ ಹೇಳಿ ಹನ್ನೆರಡಕ್ಕೆ ದೇಶವನ್ನೇ ಮುಚ್ಚಿದರು. ಕಾರ್ಡಿಲ್ಲದ ವಲಸೆ ಕೂಲಿಗಳಿಗೆ ಧಾನ್ಯ ಕೊಡುವ ಮಾತು ಬಂದದ್ದು ಮೇ 14ರಂದು. ಬೀಗ ಹಾಕಲು ನಾಲ್ಕು ಗಂಟೆ ಸಾಕಾಯಿತು. ಉಗ್ರಾಣದ ಬಾಗಿಲು ತೆರೆಯುವ ಮಾತಿಗೆ ಐವತ್ತು ದಿನ ಹಿಡಿಯಿತು. ಆ ಐವತ್ತು ದಿನಗಳ ಹೊಂಡವನ್ನೇ ಸೀತಕ್ಕನಂಥವರು ಹೊರೆಹೊರೆಯಾಗಿ ತುಂಬಲು ನೋಡಿದ್ದು.

ಕೇರಳದಲ್ಲಿ ನಡೆದದ್ದು ಬೇರೆ. ಲಾಕ್‌ಡೌನ್ ಆದ ಕೆಲವೇ ದಿನಗಳಲ್ಲಿ ಅಲ್ಲಿನ ಪಂಚಾಯಿತಿ ಪುರಸಭೆಗಳು ಕುಟುಂಬಶ್ರೀ ಮಹಿಳಾ ಸಂಘಗಳ ನೆರವಿನಿಂದ ಸಾವಿರಕ್ಕೂ ಹೆಚ್ಚು ಸಾರ್ವಜನಿಕ ಅಡುಗೆಮನೆ ತೆರೆದವು. ವಾರ್ಡಿನ ಸದಸ್ಯರಿಗೆ ಯಾವ ಮನೆಯಲ್ಲಿ ಒಬ್ಬಂಟಿ ಮುದುಕಿ ಇದ್ದಾಳೆಂದು ಗೊತ್ತಿತ್ತು. ಊಟದ ಪೊಟ್ಟಣ ಅಲ್ಲಿಗೆ ಹೋಯಿತು. ಅದರಲ್ಲಿ ಒಬ್ಬ ನಾಯಕನ ಕೀರ್ತಿ ಏನೂ ಇರಲಿಲ್ಲ. ಹತ್ತಿರದಲ್ಲಿ ಆರಿಸಿದ ಪ್ರತಿನಿಧಿ, ಅವನ ಕೈಯಲ್ಲಿ ಒಂದಿಷ್ಟು ಅಧಿಕಾರ, ಒಂದಿಷ್ಟು ಹಣ, ಇಷ್ಟಿದ್ದರೆ ಸಾಕು, ಶಾಸಕರು ಕಾಡಿನಲ್ಲಿ ಅಕ್ಕಿ ಹೊರಬೇಕಾಗಿಲ್ಲ.

ಈಗ ನಮ್ಮ ಮನೆಯ ಕಡೆ ತಿರುಗಿ ನೋಡೋಣ. ಕರ್ನಾಟಕದ ಗ್ರಾಮ ಪಂಚಾಯಿತಿಗಳ ಅವಧಿ 2020ರ ನಡುವಿನಲ್ಲಿ ಮುಗಿಯಿತು. ಸಕಾಲಕ್ಕೆ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕೂತರು. ಮತದಾನವಾದದ್ದು ಡಿಸೆಂಬರ್ 22 ಮತ್ತು 27ರಂದು. ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ತೀರಿತು. 2021ರ ಬೇಸಿಗೆಯಲ್ಲಿ ಎರಡನೆಯ ಅಲೆ ಬಂದು ಜನ ಆಸ್ಪತ್ರೆಯ ಹಾಸಿಗೆಗಾಗಿ ಅಲೆಯುತ್ತಿದ್ದಾಗ ರಾಜಧಾನಿಯ 198 ವಾರ್ಡುಗಳಲ್ಲಿ ಅಧಿಕಾರದಲ್ಲಿದ್ದ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಜಿಲ್ಲಾ ಹಾಗೂ ತಾಲೂಕು ಪಂಚಾಯಿತಿಗಳ ಅವಧಿ ಮುಗಿದದ್ದೂ ಅದೇ 2021ರಲ್ಲಿ. ಆಮೇಲೆ ವರ್ಷಗಟ್ಟಲೆ ಅವಕ್ಕೆ ಚುನಾವಣೆ ನಡೆಯಲಿಲ್ಲ. ಜನರಿಗೆ ತೀರ ಹತ್ತಿರದ ಪ್ರತಿನಿಧಿ ತೀರ ಬೇಕಾದ ಹೊತ್ತಿನಲ್ಲಿ ಇಲ್ಲವಾದ. ಬರಿದಾದ ಆ ಜಾಗಕ್ಕೆ ಚೀಲ ಹಿಡಿದ ದಾನಿ ಬಂದು ನಿಂತ. ದಾನಿಯನ್ನು ಪ್ರಶ್ನೆ ಕೇಳುವ ಹಕ್ಕು ಪಡೆಯುವವನಿಗೆ ಎಲ್ಲಿದೆ? ನನಗೆ ಮಾಸ್ಕು ಇಳಿಸೆಂದಾಗ ನಾನು ತುಟಿ ಬಿಚ್ಚದೆ ಇಳಿಸಿದ್ದು ಇದಕ್ಕೇ.

ಗಿರಣಿಯ ಬಾಂಧವರು ಇನ್ನೊಂದನ್ನು ನೆನಪಿಡಬೇಕು. ನಮ್ಮ ಓಣಿಗೆ ಚೀಲ ಬಂದ ಅದೇ ಮೇ ತಿಂಗಳ 22ರಂದು ರಾಜ್ಯ ಸರಕಾರ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಿಕೊಳ್ಳಬಹುದೆಂದು ಅಧಿಸೂಚನೆ ಹೊರಡಿಸಿತು. ಎಂಟು ಗಂಟೆಯ ದಿನಕ್ಕಾಗಿ ನಿಮ್ಮ ಹಿರಿಯರು ಪಟ್ಟ ಪಾಡೇನು! ವಿಷಯ ಹೈಕೋರ್ಟಿಗೆ ಹೋಯಿತು. ಜೂನ್ 11ರಂದು ಅಧಿಸೂಚನೆ ಹಿಂದಕ್ಕೆ ಬಂತು. ಆ ಇಪ್ಪತ್ತು ದಿನಗಳಲ್ಲಿ, ಚೀಲ ಹಂಚಿದ ನಮ್ಮ ಮುಖಂಡರಲ್ಲಿ ಒಬ್ಬರಾದರೂ ಅದರ ವಿರುದ್ಧ ಒಂದು ಮಾತು ಆಡಿದ್ದು ನನ್ನ ಕಿವಿಗೆ ಬೀಳಲಿಲ್ಲ. ಐದು ಕಿಲೋ ಅಕ್ಕಿ ಒಂದು ಕೈಯಲ್ಲಿ ಬಂತು. ದಿನದ ಎರಡು ಗಂಟೆ ಇನ್ನೊಂದು ಕೈಯಲ್ಲಿ ಹೋಗಲಿತ್ತು. ನಮ್ಮ ಪ್ರತಿನಿಧಿ ಕಾಯಬೇಕಾದದ್ದು ಆ ಎರಡನೆಯ ಕೈಯನ್ನು.

“ಹಸಿದವನಿಗೆ ಅನ್ನ ಮುಖ್ಯ, ನಿಮ್ಮ ಹಕ್ಕಿನ ಪುರಾಣ ಆಮೇಲೆ” ಎಂದು ಕೆಲವರು ನನಗೆ ಹೇಳಿದ್ದಾರೆ. ಒಪ್ಪುತ್ತೇನೆ, ಹಸಿದು ಸಾಲಿನಲ್ಲಿ ನಿಂತವನು ನಾನು. ಅನ್ನ ಕೊಟ್ಟವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಈಗ ಹೊಟ್ಟೆಗೆ ಇಷ್ಟಾದರೂ ಬಿದ್ದಿರುವ ಕಾಲದಲ್ಲಿ ಹಕ್ಕಿನ ಮಾತಾಡದಿದ್ದರೆ, ಮುಂದಿನ ಹಾವಳಿಗೆ ಮತ್ತೆ ಅದೇ ಬಿಸಿಲು, ಅದೇ ಸಾಲು, ಅದೇ ಫೋಟೋ. 2021ರ ಜೂನ್ 29ರಂದು ಸುಪ್ರೀಂ ಕೋರ್ಟು ವಲಸೆ ಕೂಲಿಗಳಿಗೆ ಧಾನ್ಯ ಕೊಡಬೇಕು, ಸಾರ್ವಜನಿಕ ಅಡುಗೆಮನೆ ನಡೆಸಬೇಕೆಂದು ಸರಕಾರಗಳಿಗೆ ಆಜ್ಞೆ ಮಾಡಿತು. ಅನ್ನ ಭಿಕ್ಷೆಯಲ್ಲವೆಂದು ನ್ಯಾಯಾಲಯಕ್ಕೆ ಅರ್ಥವಾಗಿದೆ. ಅದು ನಮಗೆ ಅರ್ಥವಾಗಬೇಕು.

ಆದ್ದರಿಂದ ಮುಂದೆ ಮತ ಕೇಳಲು ಬಂದವರು ಕೋವಿಡ್ ಕಾಲದ ಚಿತ್ರ ತೋರಿಸಿದರೆ, ಅವರನ್ನು ಕೂಡಿಸಿ ನೀರು ಕೊಟ್ಟು ಮೂರು ಪ್ರಶ್ನೆ ಕೇಳಿರಿ. ನಮ್ಮ ಓಣಿಯಲ್ಲಿ ಕಾರ್ಡಿಲ್ಲದ ಮನೆಗಳು ಎಷ್ಟು, ಹೇಳಬಲ್ಲಿರಾ? ಪಂಚಾಯಿತಿ ನಗರಸಭೆಗಳ ಚುನಾವಣೆಯನ್ನು ಒಂದು ದಿನವೂ ಮುಂದೂಡದಂತೆ ಸಭೆಯಲ್ಲಿ ಎದ್ದುನಿಂತು ಹೇಳುವಿರಾ? ನಮ್ಮ ಪಾಳಿಯ ಗಂಟೆ ಹೆಚ್ಚಿಸುವ ಕಾಗದ ಬಂದರೆ ಯಾವ ಕಡೆ ನಿಲ್ಲುವಿರಿ?

ಉತ್ತರ ಕೊಟ್ಟವರಿಗೆ ಮತ ಕೊಡಿ. ಚೀಲ ಮಾತ್ರ ತಂದವರಿಗೆ ನಮಸ್ಕಾರ ಹೇಳಿ ಕಳುಹಿಸಿ. ಅಷ್ಟು ಅವರಿಗೆ ಸಲ್ಲುತ್ತದೆ.