ಕಂಬಕ್ಕೆ ಕಾವಲು, ಮಾತಿಗೆ ಕಾಮಿಡಿ

ಆಫೀಸಿನ ಕ್ಯಾಂಟೀನಿನಲ್ಲಿ ವಾರಕ್ಕೊಮ್ಮೆಯಾದರೂ ಯಾರಾದರೂ ಒಬ್ಬರು ನನ್ನ ಎದುರು ತಟ್ಟೆ ಇಟ್ಟು ಕೂತು, “ಗುರು, ನಿಮ್ ಕಡೆ ಭಾಷೇಲಿ ಏನಾದ್ರೂ ಮಾತಾಡೋ, ಸಖತ್ತಾಗಿರುತ್ತೆ” ಅಂತಾರೆ. ನಾನು “ಏನಲೇ ಮಗನಾ, ಏನ್ ಹಚ್ಚೀದಿ” ಅಂತೀನಿ. ಟೇಬಲ್ಲಿಗೆ ಟೇಬಲ್ಲೇ ನಗುತ್ತೆ. ಎಂಟು ವರ್ಷದಿಂದ ಈ ಸೇವೆ ಉಚಿತವಾಗಿ ನಡೆದಿದೆ. ನಿಜ ಹೇಳಬೇಕಂದ್ರೆ ದಿನಾ ನಾನು ಹಾಗೆ ಮಾತಾಡೋದೇ ಇಲ್ಲ. ಬೆಂಗಳೂರಿಗೆ ಬಂದ ಮೊದಲ ಆರು ತಿಂಗಳಲ್ಲೇ “ಐತಿ” ಹೋಗಿ “ಇದೆ” ಬಂತು, “ಭಾಳ” ಹೋಗಿ “ತುಂಬಾ” ಬಂತು. ಊರಿನ ಮಾತನ್ನ ಎಥ್ನಿಕ್ ಡೇ ಧೋತರದ ಹಾಗೆ ಮಡಚಿ ಇಟ್ಟಿದ್ದೀನಿ. ಯಾರಾದರೂ ಕೇಳಿದಾಗ ಹೊರಗೆ ತೆಗೆದು ತೋರಿಸಿ ಮತ್ತೆ ಒಳಗೆ.

ಇದನ್ನೆಲ್ಲ ಈಗ ಬರೆಯೋದಕ್ಕೆ ಕಾರಣ ಹೋದ ತಿಂಗಳ ಒಂದು ಶನಿವಾರ.

ಹೆಂಡತಿ ಮಂಡ್ಯದವಳು. ಮದುವೆಯಾದ ಎರಡು ವರ್ಷದಲ್ಲಿ ಹಂಪಿ, ಬಾದಾಮಿ, ಪಟ್ಟದಕಲ್ಲು ಎಲ್ಲಾ ಮುಗಿಸಿದ್ವಿ. ಮುಗಿಸಿದ್ವಿ ಅನ್ನೋದೇ ಸರಿಯಾದ ಪದ, ನಾವು ನೋಡೋದು ಹಾಗೇ. ಈ ಸಲ ಹಬ್ಬಕ್ಕೆ ಹುಬ್ಬಳ್ಳಿಗೆ ಬಂದಾಗ “ನಿಮ್ಮೂರ ಸುತ್ತಮುತ್ತ ಏನಿದೆ?” ಅಂತ ಕೇಳಿದಳು. “ಏನೂ ಇಲ್ಲ. ಎರಿ ಹೊಲ, ಹತ್ತಿ, ಮೆಣಸಿನಕಾಯಿ” ಅಂದೆ. ಅವಳು ಫೋನಿನಲ್ಲಿ ನಕಾಶೆ ತೆಗೆದು ಕುಂದಗೋಳ, ಸಂಶಿ, ಗುಡಗೇರಿ, ಲಕ್ಷ್ಮೇಶ್ವರ ಅಂತ ಒಂದೇ ಗೆರೆಯಲ್ಲಿ ಬೆರಳು ಎಳೆದಳು. ಲಕ್ಷ್ಮೇಶ್ವರ ಅಂದರೆ ಹಳೆಯ ಪುಲಿಗೆರೆ, ಪುಲಿಗೆರೆ ಮುನ್ನೂರರ ರಾಜಧಾನಿ, ಅಂತ ಅವಳೇ ನನಗೆ ಓದಿ ಹೇಳಿದಳು. ಸಂಶಿಯಲ್ಲಿ ಹುಟ್ಟಿದವನಿಗೆ ಅದು ಅಲ್ಲಿಯವರೆಗೆ ಬಸ್ ಬದಲಿಸೋ ಊರು ಅಷ್ಟೇ ಆಗಿತ್ತು.

ಮೊದಲು ಕುಂದಗೋಳ. ಶಂಭುಲಿಂಗ ಗುಡಿ 11ನೇ ಶತಮಾನದ ಕಲ್ಯಾಣ ಚಾಲುಕ್ಯರ ಕಾಲದ್ದು. ಕಂಬಗಳನ್ನ ತಿರುಗಣಿಯಲ್ಲಿಟ್ಟು ಕಡೆದ ಹಾಗಿದೆ. ಹೊರಗೆ ಪುರಾತತ್ವ ಇಲಾಖೆಯ ನೀಲಿ ಫಲಕ. ಅದರ ಒಕ್ಕಣೆ ನಿಮಗೂ ಗೊತ್ತಿರುತ್ತೆ: 1958ರ ಕಾಯ್ದೆ ಪ್ರಕಾರ ಇದು ರಾಷ್ಟ್ರೀಯ ಮಹತ್ವದ ಸ್ಮಾರಕ, ಇದನ್ನ ಕೆಡಿಸಿದರೆ, ವಿರೂಪಗೊಳಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಒಳ್ಳೆಯದೇ. ಆ ಕಂಬದ ಮೇಲೆ ಯಾರಾದರೂ ಬಾಣ ಬಿಟ್ಟ ಹೃದಯ ಕೆತ್ತಿದರೆ ನನಗೂ ಹೊಟ್ಟೆ ಉರಿಯುತ್ತೆ.

ಅಲ್ಲಿಂದ ನಾಡಗೀರ ವಾಡೆ. ಸವಾಯಿ ಗಂಧರ್ವರ ಊರಿದು. ಭೀಮಸೇನ ಜೋಶಿ ಗುರುವಿನ ಮನೆಗೆ ನೀರು ಹೊತ್ತದ್ದು ಇಲ್ಲಿ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಬರುತ್ತಿದ್ದದ್ದೂ ಇಲ್ಲಿಗೇ. 1886ರಲ್ಲಿ ಹುಟ್ಟಿದ ಸವಾಯಿ ಗಂಧರ್ವರ ಪೂರ್ತಿ ಹೆಸರು ರಾಮಚಂದ್ರ ಕುಂದಗೋಳಕರ ಸಂಶಿ. ಕೊನೇ ಪದ ನೋಡಿದ್ರಾ? ಪುಣೆಯ ಸವಾಯಿ ಗಂಧರ್ವ ಉತ್ಸವ ದೇಶಕ್ಕೆಲ್ಲಾ ಗೊತ್ತು. ಬಿರುದು ಉಳಿಯಿತು, ಊರು ಉದುರಿತು. ಹೆಸರಿನಿಂದ ಸಂಶಿ ಕಳಚಿಟ್ಟು ಓಡಾಡೋದರಲ್ಲಿ ನಾನೊಬ್ಬನೇ ಅಲ್ಲ ಅಂತ ಒಂದು ಕ್ಷಣ ಸಮಾಧಾನ ಆಯ್ತು. ಆಮೇಲೆ ನಾಚಿಕೆಯೂ ಆಯ್ತು, ಅವರು ಹಾಡಿದ್ದರು, ನಾನೇನು ಮಾಡಿದ್ದೀನಿ?

ಸಂಶಿಯಲ್ಲಿ ದೊಡ್ಡವ್ವನ ಮನೇಲಿ ಊಟ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಬಾಗಿಲಲ್ಲೇ “ಉಂಡ್ರೇನ್ರಿ ಹಾದ್ಯಾಗ ಏನರ?” ಅಂತ ಕೇಳಿದಳು. ನಾವು ಲಕ್ಷ್ಮೇಶ್ವರಕ್ಕೆ ಹೋಗ್ತೀವಿ ಅಂದದ್ದೇ ಸೆರಗು ಸರಿ ಮಾಡಿಕೊಂಡು ಕಾರು ಹತ್ತಿ ಕೂತಳು. ಇಬ್ಬರ ಪ್ರವಾಸ ಮೂವರದ್ದಾಯ್ತು. ಹೆಂಡತಿಗೆ ಖುಷಿ. ನನಗೆ, ಸುಳ್ಳು ಯಾಕೆ, ಸ್ವಲ್ಪ ಕಿರಿಕಿರಿ.

ಗುಡಗೇರಿ ದಾಟುವಾಗ ಕಾರು ನಿಲ್ಲಿಸಲಿಲ್ಲ. ನಿಲ್ಲಿಸಬೇಕಿತ್ತು. ಅಲ್ಲಿ ಸಿಕ್ಕ 1076ರ ಶಾಸನವೊಂದು, ಚಾಲುಕ್ಯ ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿ ಪುಲಿಗೆರೆಯಲ್ಲಿ ಆನೆಸೆಜ್ಜೆಯ ಬಸದಿ ಕಟ್ಟಿಸಿದ್ದನ್ನ ನೆನೆಯುತ್ತೆ. ಕಟ್ಟಿಸಿ ಮುನ್ನೂರಕ್ಕೂ ಹೆಚ್ಚು ವರ್ಷವಾದ ಮೇಲೂ ಊರವರು ಕಟ್ಟಿಸಿದವಳ ಹೆಸರು ಮರೆತಿರಲಿಲ್ಲ.

ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೆ ಕೋಟೆಯ ಹಾಗೆ ಎತ್ತರದ ಗೋಡೆ ಇದೆ. ಒಳಗೆ ನಂದಿಯ ಮೇಲೆ ಶಿವ ಪಾರ್ವತಿ ಜೋಡಿಯಾಗಿ ಕೂತಿದ್ದಾರೆ. ಗೈಡ್ ಇಲ್ಲ. ದೊಡ್ಡವ್ವ ಮೆಟ್ಟಿಲ ಮೇಲೆ ಕೂತು ಕಥೆ ಶುರು ಮಾಡಿದಳು. ನಾನು ಫೋನು ಹಿಡಿದೆ.

“ಆದಯ್ಯ ಅಂತ ಸೌರಾಷ್ಟ್ರದ ಹುಡುಗ. ಯಾಪಾರಕ್ಕಂತ ಹುಲಿಗೆರಿಗೆ ಬಂದಾ. ಬಂದಾಂವ ಪದ್ಮಾವತೀನ್ನ ನೋಡಿದಾ. ಆಕಿ ಜೈನರ ಹುಡುಗಿ. ಮದಿವಿ ಆತು, ಇಲ್ಲೇ ಉಳದಾ. ಒಂದಿನ ಶರಣರನ್ನ ಉಣ್ಣಾಕ ಕರದಿದ್ನಂತ. ಮಾವ ಏನ್ ಮಾಡಿದಾ, ಅವ್ರು ಬರೂದ್ರಾಗ ತನ್ನ ಗುರುಗಳಿಗೆ ನೀಡಿಬಿಟ್ಟಾ. ಅಳಿಯಾಗ ಸಿಟ್ಟ ಬಂತು. ‘ನಮ್ಮ ದೇವರನ್ನ ಇಲ್ಲಿಗೇ ಕರಕೊಂಡ ಬರ್ತೀನಿ ತಡೀ’ ಅಂತ ಎದ್ದ ಹೊಂಟಾ. ಸೋಮನಾಥರ ಏನ್ ಕಡಿಮಿ ಅದಾನ? ಹೇಂತೀನ್ನೂ ಕೂಡಿಸ್ಕೊಂಡು ಎತ್ತಿನ ಮ್ಯಾಲ ಬಂದ ಕುಂತಾ, ನೋಡ ಅಲ್ಲೆ.”

ರಾಘವಾಂಕ ‘ಸೋಮನಾಥ ಚರಿತೆ’ ಬರೆದದ್ದು ಇದೇ ಕಥೆಯ ಮೇಲೆ. ಅಲ್ಲಿ ಬಸದಿಯ ಗತಿ ಏನಾಯ್ತು ಅನ್ನೋದು ಓದೋಕೆ ಹಿತವಾದ ಭಾಗವಲ್ಲ. ದೊಡ್ಡವ್ವ ಅದನ್ನ ಹಾರಿಸಿದಳು. ಆಮೇಲೆ ನಮ್ಮನ್ನ ಶಂಖ ಬಸದಿಗೂ ತಾನೇ ಕರೆದುಕೊಂಡು ಹೋಗಿ, ಅಲ್ಲೂ ಕೈ ಮುಗಿದಳು.

ಆ ವಿಡಿಯೋನ ನಾನು ಟೀಮಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹೆಂಡತಿ ಅಲ್ಲ, ನಾನು. ಕೆಳಗೆ “ಮೈ ಟೂರ್ ಗೈಡ್” ಅಂತ ಬರೆದು ಕಣ್ಣಲ್ಲಿ ನೀರು ಬರೋ ಹಾಗೆ ನಗೋ ಮುಖ ಎರಡು ಒತ್ತಿದೆ. ಐದು ನಿಮಿಷದಲ್ಲಿ ಅಂಥ ಮುಖಗಳು ಇಪ್ಪತ್ತು ಬಂದವು. ಒಬ್ಬ ಅದನ್ನೇ ಮಿಮಿಕ್ರಿ ಮಾಡಿ ಧ್ವನಿ ಕಳಿಸಿದ್ದ.

ಈಗ ಸ್ವಲ್ಪ ಜಗಳಕ್ಕೆ ಬರ್ತೀನಿ. ನನ್ನ ಜೊತೆಗೂ, ನಿಮ್ಮ ಜೊತೆಗೂ.

ಈ ಊರು ನಿಮಗೆ ಯಾಕೆ ಮುಖ್ಯ? ಗುಡಿಯ ಕಲ್ಲಿಗಾದರೆ ಇದಕ್ಕಿಂತ ದೊಡ್ಡ ಗುಡಿಗಳು ಲಕ್ಕುಂಡಿ, ಇಟಗಿಯಲ್ಲಿವೆ. ಪುಲಿಗೆರೆಯ ಹೆಸರು ನಮ್ಮ ಶಾಲೆಯ ಪುಸ್ತಕದಲ್ಲಿ ಬಂದದ್ದು ಅದರ ಮಾತಿಗೆ. 9ನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಇರೋ ಜಾಗ ಯಾವುದು ಅಂತ ಗುರುತು ಹಾಕುವಾಗ ನಾಲ್ಕು ಊರು ಹೆಸರಿಸುತ್ತೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಅಂದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ಅದಾಗಿ ನೂರು ವರ್ಷದ ಸುಮಾರಿಗೆ ಪಂಪ, ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳುಗನ್ನಡ ಅಂತ ಎದೆ ತಟ್ಟಿ ಹೇಳಿಕೊಂಡ. ಪಂಪನ ತಾಯಿ ಅಬ್ಬಣಬ್ಬೆ ಇಲ್ಲೇ ಹತ್ತಿರದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಇದನ್ನ ಹೇಳೋದು ತಮ್ಮ ಜಿನವಲ್ಲಭ ಇವತ್ತಿನ ತೆಲಂಗಾಣದ ಕುರ್ಕ್ಯಾಲದ ಬಂಡೆ ಮೇಲೆ ಬರೆಸಿದ ಶಾಸನ. ಪಂಪ ಕೆಲಸದಲ್ಲಿದ್ದದ್ದೂ ಆ ಕಡೆಯೇ, ವೇಮುಲವಾಡದ ಅರಿಕೇಸರಿಯ ಹತ್ತಿರ. ನಮ್ಮ ಲೆಕ್ಕದಲ್ಲಿ ಪೂರ್ತಿ ಆನ್‌ಸೈಟ್. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದು ಮುಗಿಸಿದಾಗ ಊರಿನ ಮಾತನ್ನ ತನ್ನ ದೊಡ್ಡ ಅರ್ಹತೆ ಅಂತ ತೋರಿಸಿದ. ನಾನು ಬರೀ ಬೆಂಗಳೂರಿಗೆ ಬಂದು, ಆರೇ ತಿಂಗಳಲ್ಲಿ ಅದನ್ನ ರೆಸ್ಯೂಮೆಯಿಂದ ಅಳಿಸಿದೆ.

ತಡೀರಿ, ನೀವು ಹೇಳಬೇಕಂತಿರೋದು ಗೊತ್ತು. ದೊಡ್ಡವ್ವ ಆಡೋದು ತಿರುಳುಗನ್ನಡವೇನಲ್ಲ ಅಂತ. ಖಂಡಿತ ಅಲ್ಲ. ಸಾವಿರ ವರ್ಷ ಆಗಿದೆ. ಕುಂದಗೋಳವೇ 1948ರವರೆಗೆ ಜಮಖಂಡಿ ಸಂಸ್ಥಾನದಲ್ಲಿತ್ತು, ಮರಾಠಿ ಅಡುಗೆಮನೆವರೆಗೂ ಬಂದಿದೆ. “ಖರೆ”, “ಜಲ್ದಿ” ಯಾವುದೂ ನೃಪತುಂಗನ ಕಾಲದ್ದಲ್ಲ. ಹಾಗಂತ ಹಳೇದು ಪೂರ್ತಿ ಹೋಗಿಲ್ಲ. ಹಳೆಗನ್ನಡ “ಊರೊಳ್” ಅಂದರೆ ನೀವು ಅಡಿಟಿಪ್ಪಣಿ ಹುಡುಕುತ್ತೀರಿ. ದೊಡ್ಡವ್ವ “ಊರಾಗ” ಅಂದರೆ ನಗುತ್ತೀರಿ. ಎರಡೂ ಒಂದೇ ಬಳ್ಳಿ. “ಉಂಡ್ರೇನ್ರಿ”ಯಲ್ಲಿರೋ ಉಣ್ಣುವ ಕ್ರಿಯಾಪದ ನಮ್ಮ ಕ್ಯಾಂಟೀನಲ್ಲಿ “ಲಂಚ್ ಮಾಡುದ್ರಾ” ಆಗಿ ತೀರಿಕೊಂಡು ಎಷ್ಟು ಕಾಲವಾಯ್ತು?

ಶುದ್ಧ ಯಾವುದು ಅನ್ನೋ ಹಟ ನನಗಿಲ್ಲ. ಆ ಹಟ ಬಿಡಿಸೋದೂ ‘ಕವಿರಾಜಮಾರ್ಗ’ವೇ. ಊರೂರಿಗೂ ಕನ್ನಡ ಬೇರೆ ಬೇರೆ ಇರೋದರಿಂದ ಅದರ ದೋಷಗಳನ್ನ ಎಣಿಸೋಕೆ ಹೋದರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರ ಬರುತ್ತೆ ಅನ್ನುತ್ತೆ ಅದು. ಅಷ್ಟು ಹಿಂದೆಯೇ ಕೈಬಿಟ್ಟ ಕೆಲಸವನ್ನ ನಮ್ಮ ಸಿನಿಮಾದವರು, ಟೀವಿಯವರು ಛಲ ಬಿಡದೆ ಮಾಡುತ್ತಿದ್ದಾರೆ. ಹೀರೋ ಊರು ಹುಬ್ಬಳ್ಳಿ ಅಂತಿದ್ದರೂ ಪ್ರೀತಿ ಹೇಳುವಾಗ ಅವನ ಬಾಯಲ್ಲಿ ಬೆಂಗಳೂರು ಕನ್ನಡ. ಧಾರವಾಡದ ಮಾತು ಬೇಕಾಗೋದು ಅಡುಗೆಯವನಿಗೆ, ಕುಡುಕನಿಗೆ, ಕಿತ್ತಾಡೋ ಅತ್ತೆಗೆ. ಆ ಭಾಷೇಲಿ ಸಾಲ ಕೇಳಬಹುದು, ಬಯ್ಯಬಹುದು, ಬೀಳಬಹುದು. ಯೋಚನೆ ಮಾಡೋ ಹಾಗಿಲ್ಲ.

“ಅಯ್ಯೋ, ಪ್ರೀತಿಯಿಂದ ನಗೋದಪ್ಪ” ಅಂತಾರೆ. ಇರಬಹುದು. ಒಂದು ಪರೀಕ್ಷೆ ಮಾಡಿ ನೋಡಿ. ಮುಂದಿನ ಕ್ಲೈಂಟ್ ಕಾಲ್‌ಗೆ ಮುಂಚೆ ನಿಮ್ಮ ಟೀಮಿನ ಧಾರವಾಡದ ಹುಡುಗಿ ಸರ್ವರ್ ಯಾಕೆ ಬಿತ್ತು ಅಂತ ಊರಿನ ಮಾತಲ್ಲೇ ವಿವರಿಸಲಿ. ನೀವು ಮೊದಲು ಕೇಳಿಸಿಕೊಳ್ಳೋದು ಸರ್ವರಿನ ಕಥೆಯೋ, ಅವಳ “ಬಿದ್ದೈತ್ರಿ”ಯೋ?

ಕಂಬಕ್ಕೆ ಗೀಚಿದರೆ ಎರಡು ವರ್ಷ ಜೈಲು. ಮಾತಿಗೆ ಗೀಚಿದರೆ ಇಪ್ಪತ್ತು ಇಮೋಜಿ.

ರಾತ್ರಿ ಹೆಂಡತಿ ಜೊತೆ ಇದೇ ಭಾಷಣ ಮಾಡಿದೆ. ಪೂರ್ತಿ ಕೇಳಿ, “ನಮ್ಮ ಮಂಡ್ಯದ್ದೂ ಹಂಗೇ ಕಣೋ, ನಿನಗೊಬ್ಬನಿಗೇ ಬಂದಿದೆಯಾ?” ಅಂದಳು. ಮೈಸೂರಿನ ಹಾಸ್ಟೆಲಿನಲ್ಲೇ ಅವಳು “ಕಣ್ಲಾ” ಬಿಟ್ಟಳಂತೆ. ಅವಳ ಮ್ಯಾನೇಜರ್ ಕುಂದಾಪುರದವನು, ಮನೆಗೆ ಫೋನ್ ಮಾಡೋಕೆ ಕಾರಿಡಾರಿಗೆ ಹೋಗ್ತಾನೆ. ನಮ್ಮ ಕ್ಯಾಂಟೀನಿನ ಟೇಬಲ್ ನೆನಪಾಯ್ತು. ಎಂಟು ಜನರಲ್ಲಿ ಒಬ್ಬ ಬೀದರಿನವನು, ಒಬ್ಬಳು ಚಾಮರಾಜನಗರದವಳು, ಇಬ್ಬರು ಹಾಸನದವರು, ಒಬ್ಬ ಕೋಲಾರದವನು. ಟೇಬಲ್ ಮೇಲಿರೋ ಆ ಸ್ಟ್ಯಾಂಡರ್ಡ್ ಕನ್ನಡ ಅಲ್ಲಿ ಯಾರ ಮನೇದೂ ಅಲ್ಲ. ಎಲ್ಲರೂ ಬಾಡಿಗೆಗೆ ತಂದು ಹಾಕಿಕೊಂಡು, ಮನೆ ಬಟ್ಟೆಯಲ್ಲಿ ಬಂದವನನ್ನ ನೋಡಿ ನಗ್ತಾ ಇದ್ದೀವಿ.

ಆದರೆ ಈ ಜಾಣತನ ಎಲ್ಲ ರಾತ್ರಿ ಹೊಳೆದದ್ದು. ಸಂಜೆ ಕಾರಿನಲ್ಲಿ ನಡೆದದ್ದು ಬೇರೆ.

ಲಕ್ಷ್ಮೇಶ್ವರದಿಂದ ವಾಪಸ್ಸು ಬರುವಾಗ ಫೋನು ಕಾರಿನ ಸ್ಪೀಕರಿಗೆ ಸಿಕ್ಕಿಕೊಂಡಿತ್ತು. ಗ್ರೂಪಿನ ಧ್ವನಿ ಸಂದೇಶ ತಾನೇ ಶುರುವಾಯ್ತು. ಯಾರೋ ಗಂಡಸು ಮೂಗಿನಿಂದ “ಎತ್ತಿನ ಮ್ಯಾಲ ಬಂದ ಕುಂತಾ” ಅಂತ ಎಳೆದು ಹೇಳ್ತಾನೆ, ಹಿಂದೆ ನಾಲ್ಕಾರು ಜನ ನಗ್ತಾರೆ. ನಾನು ತಡಕಾಡಿ ಬಂದ್ ಮಾಡಿದೆ. ಹಿಂದಿನ ಸೀಟಿನಲ್ಲಿ ದೊಡ್ಡವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹೊರಗೆ ಹತ್ತಿ ಹೊಲ ಹೋಗ್ತಾ ಇತ್ತು.

“ಯಾಕ ನಗಾಕತ್ಯಾರೋ ಅವ್ರು?”

“ಕಥಿ ಚಲೋ ಹೇಳೀದಿ ಅಂತ, ದೊಡ್ಡವ್ವ.”

“ಕಥ್ಯಾಗ ನಗೂವಂಥಾದ್ದ ಏನಿಲ್ಲಲ್ಲೋ.” ಮತ್ತೆ ಸ್ವಲ್ಪ ಹೊತ್ತಾದ ಮೇಲೆ, “ನಾ ಏನರ ತಪ್ಪ ಅಂದೇನು?”

ಹೆಂಡತಿ ನನ್ನ ಕಡೆ ನೋಡಲಿಲ್ಲ. ನಾನು ಕನ್ನಡಿಯಲ್ಲಿ ಹಿಂದೆ ನೋಡಲಿಲ್ಲ. ಸಂಶಿಯಲ್ಲಿ ಇಳಿಯುವಾಗ ದೊಡ್ಡವ್ವ ಹೆಂಡತಿಯ ಕೈಗೆ ರೊಟ್ಟಿ ಗಂಟು ಕೊಟ್ಟು, ಶಾಲೆಗೆ ಬಂದ ಇನ್ಸ್‌ಪೆಕ್ಟರ್ ಮುಂದೆ ಮಾತಾಡೋ ಹಾಗೆ ತಡವರಿಸಿ, “ಊಟ... ಮಾಡಿ, ಆಯ್ತಾ?” ಅಂದಳು. ನನ್ನ ಜನ್ಮದಲ್ಲಿ ಅವಳ ಬಾಯಿಂದ ಆ ಕನ್ನಡ ಕೇಳಿದ್ದು ಅದೇ ಮೊದಲು.

ವಿಡಿಯೋ ಅಳಿಸಿದೆ. ಗ್ರೂಪಿನಲ್ಲಿ “ಯಾಕೋ ಡಿಲೀಟ್ ಮಾಡ್ದೆ, ಬೆಸ್ಟ್ ಇತ್ತು” ಅಂತ ಬಂತು. ಉತ್ತರ ಕೊಡಲಿಲ್ಲ.

ಸೋಮವಾರ ಬೆಳಗಿನ ಮೀಟಿಂಗಿನಲ್ಲಿ ನನ್ನ ಸರದಿ ಬಂದಾಗ, “ಶುಕ್ರವಾರದ ಕೆಲಸ ಇನ್ನೂ ಅರ್ಧಾ ಉಳದೈತ್ರಿ, ಇವತ್ತ ಮುಗಸ್ತೀನಿ” ಅಂದೆ. ಒಬ್ಬ ನಕ್ಕ. ಇನ್ನೊಬ್ಬ “ಶುರುವಾಯ್ತು ನೋಡು” ಅಂದ. ಅವರ ನಗು ನಿಲ್ಲೋ ತನಕ ಕಾದು, ಉಳಿದ ಎರಡು ಟಿಕೆಟ್‌ನೂ ಅದೇ ಮಾತಿನಾಗ ಹೇಳಿ ಮುಗಿಸಿದೆ.