ದಾರಿ ತೆರೆದ ಸಿಪಾಯಿ

ಬೆಳಗಿನ ಜಾವ ಖಾನಾಪುರದಿಂದ ಬೆಳಗಾವಿಗೆ ಬರುವ ರಸ್ತೆಯಲ್ಲಿ ಹದಿನೆಂಟು, ಹತ್ತೊಂಬತ್ತರ ಹುಡುಗರು ಸಾಲುಗಟ್ಟಿ ಓಡುವುದನ್ನು ವಾಚಕರು ನೋಡಿಯೇ ಇದ್ದಾರೆ. ಅದು ಸೈನ್ಯದ ಭರತಿಗೆ ತಾಲೀಮು. ಅವರಲ್ಲಿ ಕೆಲವರು ನನ್ನ ಕೈಯಲ್ಲಿ ಅಕ್ಷರ ಕಲಿತವರು. ಮೊನ್ನೆ ಅಂಥ ಒಬ್ಬ ಹುಡುಗನ ತಂದೆ, ಹಂಚಿನ ಭಟ್ಟಿಯಲ್ಲಿ ದುಡಿಯುವಾತ, ನನ್ನನ್ನು ಪೇಟೆಯಲ್ಲಿ ನಿಲ್ಲಿಸಿ ಕೇಳಿದ: "ಮಾಸ್ತರ್, ಹುಡುಗ ಭರತಿ ಆದ್ರ ಛಲೋನ ಆತು. ಆದ್ರ ನಾಕು ವರ್ಷದ ಮ್ಯಾಲ ಏನ್ರಿ?"

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಒಬ್ಬ ಸಿಪಾಯಿಯ ಜೀವನ ನೆನಪಾಯಿತು.

ಖಾನಾಪುರದ ಅಡವಿ ದಾಟಿ ಘಟ್ಟ ಇಳಿದರೆ ಕಾರವಾರ. ಅಲ್ಲಿಯ ಚೆಂಡಿಯಾ ಗ್ರಾಮದ ಮನೆತನದಲ್ಲಿ 1918ರಲ್ಲಿ ಹುಟ್ಟಿದವರು ರಾಮ ರಾಘೋಬಾ ರಾಣೆ. ತಂದೆ ಪೊಲೀಸ್ ಪೇದೆ. ತಂದೆಗೆ ವರ್ಗವಾದಂತೆಲ್ಲ ಮಗನ ಶಾಲೆಯೂ ಬದಲಾಗುತ್ತಿತ್ತು. ರಾಣೆ 1940ರಲ್ಲಿ ಬಾಂಬೆ ಇಂಜಿನಿಯರ್ಸ್ ಪಡೆಯಲ್ಲಿ ಸಾದಾ ಸಿಪಾಯಿಯಾಗಿ ಸೇರಿದರು. ಸೇತುವೆ ಕಟ್ಟುವುದು, ದಾರಿ ಮಾಡುವುದು, ವೈರಿ ಹೂತಿಟ್ಟ ನೆಲಬಾಂಬು ಕೀಳುವುದು ಈ ಪಡೆಯ ಕೆಲಸ. ಹೀಗೆ ನೋಡಿದರೆ ಅವರೂ ಕಾಮಗಾರರೇ. ಬರ್ಮಾದ ರಣರಂಗದಲ್ಲಿ ದುಡಿದು ಹವಾಲ್ದಾರರಾದರು. 1947ರ ಕೊನೆಗೆ ಸೆಕೆಂಡ್ ಲೆಫ್ಟಿನೆಂಟ್ ಆದರು.

ನಾಲ್ಕೇ ತಿಂಗಳಿಗೆ ಪರೀಕ್ಷೆ ಬಂತು. 1948ರ ಏಪ್ರಿಲ್ 8. ಕಾಶ್ಮೀರದ ನೌಶೇರಾದಿಂದ ರಾಜೌರಿಗೆ ನಮ್ಮ ಸೈನ್ಯ ಹೊರಟಿತ್ತು. ದಾರಿಯುದ್ದಕ್ಕೂ ಅಡ್ಡಗಟ್ಟೆಗಳು, ನೆಲಬಾಂಬುಗಳು. ದಾರಿ ಬಿಡಿಸದ ಹೊರತು ಟ್ಯಾಂಕು ಒಂದು ಹೆಜ್ಜೆ ಮುಂದಿಡಲಾರದು. ಕೆಲಸ ಆರಂಭಿಸುವಷ್ಟರಲ್ಲಿಯೇ ವೈರಿಯ ತೋಪಿನ ಗುಂಡು ಬಿತ್ತು. ಇಬ್ಬರು ಜೊತೆಗಾರರು ಸತ್ತರು, ಐವರು ಗಾಯಗೊಂಡರು. ಆ ಐವರಲ್ಲಿ ರಾಣೆಯೂ ಒಬ್ಬರು. ಅವರು ಹಿಂದೆ ಸರಿಯಲಿಲ್ಲ. ಏಪ್ರಿಲ್ 11ರವರೆಗೆ ಊಟ, ನಿದ್ದೆಯ ಪರಿವೆಯಿಲ್ಲದೆ, ಗುಂಡಿನ ಮಳೆಯ ನಡುವೆ ತೆವಳುತ್ತ ಬಾಂಬು ಕಿತ್ತರು, ದಾರಿಗೆ ಅಡ್ಡ ಕೆಡವಿದ್ದ ಪೈನ್ ಮರಗಳನ್ನು ಸಿಡಿಸಿದರು, ಟ್ಯಾಂಕಿಗೆ ಬಳಸುದಾರಿ ಕಡಿದರು. ಮರುದಿನ, 12ರಂದು, ರಾಜೌರಿ ನಮ್ಮದಾಯಿತು.

1950ರಲ್ಲಿ ಅವರಿಗೆ ಪರಮವೀರ ಚಕ್ರ ಸಂದಿತು. ಇದುವರೆಗೆ ಈ ಪದಕ ಪಡೆದವರು ಇಡೀ ದೇಶದಲ್ಲಿ 21 ಜನ. ಅವರಲ್ಲಿ 14 ಜನಕ್ಕೆ ಅದು ಸತ್ತ ಮೇಲೆ ಸಂದದ್ದು. ಬದುಕಿದ್ದು ಎದೆಯ ಮೇಲೆ ಧರಿಸಿದ ಮೊದಲಿಗರಲ್ಲಿ ನಮ್ಮ ಸೀಮೆಯ ರಾಣೆ ಇದ್ದಾರೆ. ಅವರು 1968ರಲ್ಲಿ ಮೇಜರ್ ಆಗಿ ನಿವೃತ್ತರಾದರು, 1994ರಲ್ಲಿ ತೀರಿಕೊಂಡರು.

ಈಗ ಲೆಕ್ಕ ಹಾಕೋಣ. ಸೇರಿದ್ದು 1940. ಪರಾಕ್ರಮ ತೋರಿದ್ದು 1948. ನಡುವೆ ಎಂಟು ವರ್ಷ. ನೆಲದೊಳಗಿನ ಬಾಂಬನ್ನು ಬೆರಳಿನಿಂದ ಗುರುತಿಸುವ ವಿದ್ಯೆ ಒಂದು ದಿನದಲ್ಲಿ ಬರುವುದಿಲ್ಲ. ವಡಗಾವಿ, ಖಾಸಬಾಗದ ಮಗ್ಗದವರನ್ನು ಕೇಳಿರಿ, ಕೈ ಕುದುರಲು ಎಷ್ಟು ವರ್ಷ ಬೇಕೆಂದು. ರಾಣೆಗೂ ನಾಲ್ಕೇ ವರ್ಷದ ಕರಾರು ಇದ್ದಿದ್ದರೆ 1944ರಲ್ಲಿಯೇ ಗಂಟು ಕಟ್ಟಬೇಕಾಗುತ್ತಿತ್ತು.

2022ರ ಜೂನ್‌ನಲ್ಲಿ ಕೇಂದ್ರ ಸರಕಾರ ಸಾರಿದ ಅಗ್ನಿಪಥ ಯೋಜನೆಯ ಕರಾರು ಇಂಥದೇ. ನಾಲ್ಕು ವರ್ಷದ ಸೇವೆ. ಬಳಿಕ ನೂರಕ್ಕೆ 25ರವರೆಗೆ ಮಾತ್ರ ಕಾಯಂ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಗಂಟು. ಪೆನ್ಶನ್ ಇಲ್ಲ, ಗ್ರಾಚ್ಯುಟಿ ಇಲ್ಲ. ಗಿರಣಿಯ ಬದಲಿ ಕಾಮಗಾರನ ಪಾಡು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಸರಕಾರ ಏಳು ತಿಂಗಳ ಮೇಲೆ ಅಂಡಮಾನಿನ 21 ದ್ವೀಪಗಳಿಗೆ ಪರಮವೀರರ ಹೆಸರಿಟ್ಟಿತು. ಒಂದು ದ್ವೀಪಕ್ಕೆ ರಾಣೆಯ ಹೆಸರು. ಸಂತೋಷವೇ. ಆದರೆ ಸತ್ತ ವೀರನಿಗೆ ದ್ವೀಪ, ಬದುಕಿದ ಸಿಪಾಯಿಗೆ ನಾಲ್ಕು ವರ್ಷ ಎಂದರೆ ಇದು ಯಾವ ನ್ಯಾಯ?

ಸೈನ್ಯ ತರುಣವಾಗಬೇಕು, ಪೆನ್ಶನ್ನಿನ ಹೊರೆ ಬೆಳೆದಿದೆ ಎಂದು ಸರಕಾರ ಹೇಳುತ್ತದೆ. ಹೊರಬಂದವರಿಗೆ ಅರೆಸೈನಿಕ ಪಡೆಗಳಲ್ಲಿ ಮೀಸಲು ಉಂಟೆಂದೂ ಹೇಳುತ್ತದೆ. ಹೊರೆ ಸುಳ್ಳಲ್ಲ. ಆದರೆ ಆ ಹೊರೆಯನ್ನು ಇಳಿಸಲು ಸಿಕ್ಕ ಹೆಗಲು ಹಂಚಿನ ಭಟ್ಟಿಯವನ ಮಗನದೇ ಏಕೆ? ಮೀಸಲು ಎಂಬುದು ಸರದಿಯಲ್ಲಿ ಒಂದು ಜಾಗವೇ ಹೊರತು ಕೈಗೆ ಬಂದ ಕೆಲಸವಲ್ಲ. ನಮ್ಮ ಪೇಟೆಯ ವ್ಯಾಪಾರಿಗಳಿಗೆ ಗೊತ್ತು, ದಂಡಿನಿಂದ ಬಂದ ಎಷ್ಟು ಜನ ದೊಡ್ಡ ಅಂಗಡಿಗಳ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದಾರೆಂದು. ಅವರಿಗೆ ಪೆನ್ಶನ್ನಾದರೂ ಇದೆ.

1922ರಿಂದ ಮರಾಠಾ ಪಲ್ಟನ್ನಿನ ಕೇಂದ್ರವಾಗಿರುವ ಊರು ನಮ್ಮದು. ಈ ಪಲ್ಟನ್ನಿನ ಯಶವಂತ ಘಾಡಗೆ 1944ರಲ್ಲಿ ಇಟಲಿಯಲ್ಲಿ ಮಡಿದು ವಿಕ್ಟೋರಿಯಾ ಕ್ರಾಸ್ ಪಡೆದ. ನಾಮದೇವ ಜಾಧವ 1945ರಲ್ಲಿ ಗಾಯಾಳುಗಳನ್ನು ಹೊತ್ತು ನದಿ ದಾಟಿಸಿ ಅದನ್ನೇ ಪಡೆದ. ಸಿಪಾಯಿಯ ಬೆಲೆ ಬೆಳಗಾವಿಗೆ ಹೊಸದಾಗಿ ಕಲಿಸಬೇಕಿಲ್ಲ.

ಆ ತಂದೆಗೆ ನಾನು ಹೇಳುವುದಿಷ್ಟು: ಹುಡುಗನನ್ನು ತಡೆಯಬೇಡ, ಓಡಲಿ. ಆದರೆ ನೀನು ನನಗೆ ಪೇಟೆಯಲ್ಲಿ ಕೇಳಿದ ಪ್ರಶ್ನೆಯನ್ನು ಓಟು ಕೇಳಲು ಬಂದವರ ಎದುರಿಗೂ ಕೇಳು. ರಾಣೆ ಸೈನ್ಯಕ್ಕೆ ದಾರಿ ತೆರೆದರು. ಸಿಪಾಯಿಯ ಮಕ್ಕಳಿಗೆ ದಾರಿ ತೆರೆಯುವ ಕೆಲಸ ನಮ್ಮದು.