ಮೊದಲ ಮೂರು ಗಂಟೆ

ಬೈಕಿನಿಂದ ಬಿದ್ದ ಹುಡುಗ ಎದ್ದು ಕೂತು ಮಾತಾಡುತ್ತಿದ್ದರೆ, ಬಿ.ಪಿ.ಯೂ ಸರಿಯಿದ್ದರೆ ಸುತ್ತಲಿನವರಿಗೆ ಹೋದ ಜೀವ ಬಂದಂತಾಗುತ್ತದೆ. ನುರಿತ ತುರ್ತುಚಿಕಿತ್ಸಾ ವೈದ್ಯರು ಮಾತ್ರ ಅಷ್ಟಕ್ಕೇ ನಿಶ್ಚಿಂತರಾಗುವುದಿಲ್ಲ. ಹರೆಯದ ದೇಹ ರಕ್ತನಾಳಗಳನ್ನು ಬಿಗಿಹಿಡಿದು, ಸುಮಾರು ಶೇಕಡಾ 30ರಷ್ಟು ರಕ್ತ ಹೋಗುವವರೆಗೂ ಬಿ.ಪಿ. ಇಳಿಯಗೊಡುವುದಿಲ್ಲ. ಆದರೆ ಅಷ್ಟರೊಳಗೆ ನಾಡಿ ಓಡತೊಡಗಿರುತ್ತದೆ. ಅಂಗೈ ತಣ್ಣಗೆ ಬೆವರಿರುತ್ತದೆ. ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಕೆಂಪಾಗಲು ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹುಡುಗ ಚಡಪಡಿಸುತ್ತಾ ನೀರು ಕೇಳುತ್ತಾನೆ. (ಕೊಡಬಾರದು, ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದೀತು.) ಹೊರಗೆ ಒಂದು ತೊಟ್ಟೂ ಕಾಣದ ರಕ್ತ ಎದೆಗೂಡಿನಲ್ಲೋ ಹೊಟ್ಟೆಯಲ್ಲೋ ಸೊಂಟದ ಮೂಳೆಯ ಸುತ್ತಲೋ ತುಂಬುತ್ತಿರಬಹುದು. ಮುರಿದ ತೊಡೆಮೂಳೆಯೊಂದರ ಸುತ್ತಲೇ ಲೀಟರಿಗೂ ಮೀರಿ ಸೇರಬಲ್ಲದು.

ಒಳಗಿನ ಗಾಯ ದೊಡ್ಡದಾಗಿದ್ದರೆ ಆಪರೇಷನ್ ಆಗಲೇಬೇಕು. ಅಲ್ಲಿಯವರೆಗೆ ಒದಗುವ ಔಷಧಿಯೊಂದಿದೆ, ಟ್ರಾನೆಕ್ಸಾಮಿಕ್ ಆಸಿಡ್. ಕಟ್ಟಿದ ಹೆಪ್ಪು ಬೇಗ ಕರಗಿಹೋಗದಂತೆ ಅದು ತಡೆಯುತ್ತದೆ. ಜಪಾನಿನ ಉಟಾಕೊ ಒಕಮೊಟೊ, ಪತಿ ಶೊಸುಕೆಯವರೊಂದಿಗೆ 1962ರಲ್ಲಿ ಇದನ್ನು ಪ್ರಕಟಿಸಿದರು. ಹೆರಿಗೆಯ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸಬೇಕೆಂಬುದು ಆಕೆಯ ಹಂಬಲವಾಗಿತ್ತು. ಮುಟ್ಟಿನ ಅತಿಸ್ರಾವಕ್ಕೆ, ಹಲ್ಲು ಕೀಳುವಾಗ ಬಳಕೆಯಾಗುತ್ತಿದ್ದ ಈ ಅಗ್ಗದ ಔಷಧಿ ಅಪಘಾತದ ಗಾಯಾಳುಗಳನ್ನೂ ಉಳಿಸುತ್ತದೆಂದು ಖಚಿತವಾಗಲು 2010ರ ತನಕ ಕಾಯಬೇಕಾಯಿತು. ಅದನ್ನು ತೋರಿಸಿದ್ದು ಕ್ರಾಶ್-2 ಅಧ್ಯಯನ. ಭಾರತವೂ ಸೇರಿ 40 ದೇಶಗಳ 274 ಆಸ್ಪತ್ರೆಗಳಲ್ಲಿ 20 ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ಅದು ನಡೆದಿತ್ತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಔಷಧಿಯನ್ನು ಗಾಯಾಳುಗಳಿಗಾಗಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಆ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೊತ್ತಿನ ಲೆಕ್ಕ. ಗಾಯವಾದ ಒಂದು ಗಂಟೆಯೊಳಗೆ ಕೊಟ್ಟಾಗ ರಕ್ತಸ್ರಾವದ ಸಾವು ಹೆಚ್ಚುಕಡಿಮೆ ಮೂರನೇ ಒಂದರಷ್ಟು ತಗ್ಗಿತ್ತು. ಮೂರು ಗಂಟೆ ಮೀರಿ ಕೊಟ್ಟವರಲ್ಲಿ ಅದೇ ಸಾವು ಹೆಚ್ಚಿತ್ತು. ಅಂದರೆ ತಡವಾಗಿ ಕೊಡುವುದು ಕೊಡದಿರುವುದಕ್ಕಿಂತ ಕೆಡುಕು.

ನಮ್ಮಲ್ಲಿ ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೋ ಹುಬ್ಬಳ್ಳಿಗೋ ಕಳಿಸುವಷ್ಟರಲ್ಲಿ ಆ ಮೂರು ಗಂಟೆ ದಾರಿಯಲ್ಲೇ ಮುಗಿದುಹೋಗುತ್ತದೆ. ಆದ್ದರಿಂದ ಒಳಗೆ ರಕ್ತ ಸೋರುತ್ತಿದೆಯೆಂಬ ಬಲವಾದ ಅನುಮಾನ ಬಂದಲ್ಲಿ ಹತ್ತು ನಿಮಿಷದಲ್ಲಿ ರಕ್ತನಾಳಕ್ಕೆ ಹೋಗುವ ಮೊದಲ ಒಂದು ಗ್ರಾಂ, ರೆಫರಲ್ ಚೀಟಿ ಬರೆಯುವ ಮುಂಚೆಯೇ ಆಗಿಬಿಡಬೇಕು. ಚೀಟಿಯಲ್ಲಿ ಗಾಯವಾದ ಹೊತ್ತು, ಔಷಧಿ ಕೊಟ್ಟ ಹೊತ್ತು ಎರಡೂ ಇರಬೇಕು. ಮುಂದಿನ ಆಸ್ಪತ್ರೆಯವರು ಎಂಟು ಗಂಟೆ ಹನಿಸುವ ಎರಡನೇ ಗ್ರಾಮನ್ನು ಅದನ್ನು ನೋಡಿಯೇ ಶುರುಮಾಡಬೇಕಲ್ಲ.